ಸ್ತ್ರೀ ಸಂಘಟನೆಯ ಕುಸ್ವಾರ್ ಪೆಟ್ಟಿಗೆ: ದಾನವೆಂದಲ್ಲ, ತಿಂಡಿಯೆಂದು ಕೊಳ್ಳಿ

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಭಾನುವಾರದ ಪೂಜೆ ಮುಗಿದ ಕೂಡಲೇ ಹೊರಗಿನ ಜಗಲಿಯಲ್ಲಿ ಒಂದು ಮೇಜು ಬೀಳುತ್ತದೆ. ಮೇಜಿನ ಮೇಲೆ ಮಾದರಿಗೆಂದು ಮುಚ್ಚಳ ತೆರೆದಿಟ್ಟ ಒಂದು ಪೆಟ್ಟಿಗೆ, ಪಕ್ಕದಲ್ಲಿ ರಶೀದಿ ಪುಸ್ತಕ, ಹಿಂದೆ ಕುರ್ಚಿ ಹಾಕಿಕೊಂಡ ಇಬ್ಬರು ಬಾಯಮ್ಮನವರು. ಇಗರ್ಜಿಯ ಸ್ತ್ರೀ ಸಂಘಟನೆಯ ಘಟಕದವರು ಕುಸ್ವಾರಿಗೆ ಆರ್ಡರ್ ಬರೆದುಕೊಳ್ಳುತ್ತಿರುತ್ತಾರೆ. ಕುಸ್ವಾರ್ ಎಂದರೆ ಕೊಂಕಣಿ ಕ್ರೈಸ್ತರು ಕ್ರಿಸ್ಮಸ್ಸಿಗೆ ಮಾಡಿ ನೆರೆಕರೆಗೆ ಹಂಚುವ ತಿಂಡಿಗಳ ಒಟ್ಟು ಹೆಸರು. ಗೋವೆಯವರು ಪೋರ್ಚುಗೀಸಿನಿಂದ ಬಂದ ಕೊನ್ಸೊವಾದ ಎಂಬ ಮಾತನ್ನು ಬಳಸುತ್ತಾರೆ. ಕೂತು ಕಿಡಿಯೊ ಎಂಬ ಸುರುಳಿ ತಿಂಡಿ ಸುತ್ತುವ ಪುರುಸೊತ್ತು ಈಗ ಎಷ್ಟು ಮನೆಗಳಲ್ಲಿದೆ? ಹಾಗಾಗಿ ಘಟಕದ ಪೆಟ್ಟಿಗೆಗೆ ಗಿರಾಕಿಗಳ ಬರವಿಲ್ಲ. ಉಳಿದ ಲಾಭ ಜೂನಿನ ಶಾಲೆ ಫೀಸಿಗೆ, ಔಷಧಿಗೆ, ಮಳೆ ಹಿಡಿಯುವ ಮುಂಚೆ ಯಾರದೋ ಮಾಡಿನ ಹಂಚಿಗೆ ಹೋಗುತ್ತದೆ.

ತೊಂದರೆ ಇರುವುದೂ ಇಲ್ಲೇ. ‘ಒಳ್ಳೆಯ ಕೆಲಸಕ್ಕಲ್ವಾ’ ಎಂದು ಕಣ್ಣು ಮುಚ್ಚಿ ಎರಡು ಪೆಟ್ಟಿಗೆ ಬರೆಸಿ, ಜನವರಿಯಲ್ಲಿ ಅರ್ಧವನ್ನು ಕೋಳಿಗೆ ಹಾಕುವವರು ಬೇಕಾದಷ್ಟು ಮಂದಿ. ಅಂಥವರು ಮರುವರ್ಷ ಮೇಜಿನ ಹತ್ತಿರ ಸುಳಿಯುವುದಿಲ್ಲ, ಯಾಕೆ ಸುಳಿಯಲಿಲ್ಲವೆಂದು ಘಟಕಕ್ಕೆ ಗೊತ್ತಾಗುವುದೂ ಇಲ್ಲ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು, ಒಪ್ಪಿದೆ. ಆದರೆ ಇದು ದುಡ್ಡು ಕೊಟ್ಟು ಕೊಂಡ ಹಸು. ಇಲ್ಲಿ ಹಲ್ಲು ಎಣಿಸುತ್ತೇವೆ. ಘಟಕಗಳ ಹೆಸರು ಹಾಕಿಲ್ಲ, ಅಂಕವನ್ನೂ ಕೊಟ್ಟಿಲ್ಲ. ಒಂದೇ ಘಟಕದ ಪೆಟ್ಟಿಗೆ ಈ ವರ್ಷ ಬಲು ರುಚಿ, ಮರುವರ್ಷ ಕಮಟು ಆಗುವುದುಂಟು. ಬಾಣಲೆಯ ಮುಂದೆ ಯಾರು ನಿಂತಿದ್ದರು, ಯಾವ ತಾರೀಕಿಗೆ ಕರಿದರು ಎಂಬುದರ ಮೇಲೆ ಎಲ್ಲ ನಿಂತಿದೆ.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಏಳೆಂಟು ಬಗೆ ಇರುತ್ತವೆ. ಕಿಡಿಯೊ, ಗುಳಿಯೊ, ನೆವ್ರಿಯೊ, ಕೊಕ್ಕಿಸಾಂ, ತುಕ್ಡಿ (ಶಂಕರಪೋಳಿಯಂಥದ್ದು), ಅಕ್ಕಿ ಲಾಡು, ಚಕ್ಕುಲಿ, ಮತ್ತೆ ಒಂದು ತುಂಡು ಪ್ಲಮ್ ಕೇಕ್.

ಇಡೀ ಪೆಟ್ಟಿಗೆಯ ಯೋಗ್ಯತೆ ತಿಳಿಯಬೇಕಾದರೆ ಮೊದಲು ಒಂದು ಕಿಡಿಯೊ ತೆಗೆದು ನಡುವೆ ಮುರಿಯಿರಿ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳಗಳು. ಆಕಾರ ನೋಡಿ ಇಟ್ಟ ಹೆಸರು. ಅರ್ಧ ಕಿಲೊ ಮೈದಾಕ್ಕೆ ಒಂದು ಮೊಟ್ಟೆ, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಕಲಸಲು ಬೇಕಾದಷ್ಟೇ ಮಂದ ತೆಂಗಿನ ಹಾಲು. ಹಿಟ್ಟು ಚಪಾತಿಯದಕ್ಕಿಂತ ಗಟ್ಟಿ ಇರಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಗೋಲಿಗಿಂತ ಚಿಕ್ಕ ಉಂಡೆ ಮಾಡಿ, ಫೋರ್ಕಿನ ಬೆನ್ನಿನ ಮೇಲೋ ಇದಕ್ಕೆಂದೇ ಇಟ್ಟುಕೊಂಡ ಹೊಸ ಬಾಚಣಿಗೆಯ ಹಲ್ಲಿನ ಮೇಲೋ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ, ಒಂದು ತುದಿಯಿಂದ ಸುರುಳಿ ಸುತ್ತುತ್ತಾರೆ. ಹೊರಗೆ ಗೆರೆ, ಒಳಗೆ ಟೊಳ್ಳು. ಈ ಟೊಳ್ಳೇ ಮುಖ್ಯ. ಕೈ ಸೋತವರು ದಪ್ಪಗೆ ಒತ್ತಿ ಸುತ್ತಿದರೆ ಹೊರಮೈ ಕೆಂಪಗಾಗುವಷ್ಟರಲ್ಲಿ ಒಳಗೆ ಹಸಿ ಉಳಿಯುತ್ತದೆ. ಮುರಿದಾಗ ನಡುವೆ ಬಿಳಿ ಗೆರೆ ಕಂಡರೆ ಅದೇ ಹಸಿ ಹಿಟ್ಟು. ಆ ತೇವ ಒಂದು ವಾರದೊಳಗೆ ಹೊರಗಿನ ಗರಿಯನ್ನೂ ಮೆತ್ತಗೆ ಮಾಡುತ್ತದೆ. ಸುರುಳಿಯ ಬಾಯಿ ಬೆರಳಿನಿಂದ ಒತ್ತಿ ಅಂಟಿಸದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಕಿವಿಯ ಹಾಗಾಗುತ್ತದೆ. ರುಚಿಗೆ ತೊಂದರೆಯಿಲ್ಲ, ಎಣ್ಣೆ ಮಾತ್ರ ಹೆಚ್ಚು ಕುಡಿದಿರುತ್ತದೆ.

ಸಕ್ಕರೆ ಹೊದಿಸುವುದು ಇನ್ನೊಂದು ಪರೀಕ್ಷೆ. ಅರ್ಧ ಕಿಲೊ ಮೈದಾದ ಕಿಡಿಯೊಗೆ ಕಾಲು ಕಿಲೊ ಸಕ್ಕರೆ, ಅದು ನೆನೆಯುವಷ್ಟು ನೀರು. ಎರಡೆಳೆ ಪಾಕ ಬಂದಾಗ ಒಲೆಯಿಂದ ಇಳಿಸಿ, ಕಿಡಿಯೊ ಸುರಿದು, ತಣಿಯುವ ತನಕ ಕೈ ಬಿಡದೆ ಮಗುಚುತ್ತಿರಬೇಕು. ಆಗ ಪಾಕ ಹರಳುಗಟ್ಟಿ ಮೈಮೇಲೆ ಬಿಳಿ ಪುಡಿಯಂತೆ ಕೂರುತ್ತದೆ, ಕೈಗೆ ಅಂಟುವುದಿಲ್ಲ. ಒಂದೆಳೆಗೇ ಇಳಿಸಿದರೆ ನೀರು ಹೆಚ್ಚಾಗಿ ಹರಳು ಕಟ್ಟುವುದಿಲ್ಲ; ಪೆಟ್ಟಿಗೆ ತೆರೆದಾಗ ಕಿಡಿಯೊಗಳೆಲ್ಲ ಒಂದಕ್ಕೊಂದು ಅಂಟಿ ಮಿರಿಮಿರಿ ಹೊಳೆಯುತ್ತಿರುತ್ತವೆ. ಹೊಳಪು ನೋಡಿ ಮರುಳಾಗಬೇಡಿ. ಪಾಕ ಏರಿದ ಮೇಲೆ ಮಗುಚುವವರು ಮಾತಿಗೆ ನಿಂತರೆ ಹೆಂಟೆ ಕಟ್ಟುತ್ತದೆ, ಒಂದು ಕಡೆ ಸಕ್ಕರೆ ಗಡ್ಡೆ, ಇನ್ನೊಂದು ಕಡೆ ಬೋಳು.

ಗುಳಿಯೊ ಮಾಡುವುದು ಎಲ್ಲರಿಂದ ಆಗುವ ಕೆಲಸವಲ್ಲ, ಅಪಾಯದ್ದೂ ಹೌದು. ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ ರುಬ್ಬಿ, ಬಾಣಲೆಯಲ್ಲಿ ಮುದ್ದೆಯಾಗುವ ತನಕ ಮಗುಚಿ, ಗೋಲಿಯ ಹಾಗೆ ಉಂಡೆ ಕಟ್ಟಿ ಕರಿಯುತ್ತಾರೆ. ಉಂಡೆಯೊಳಗೆ ಗಾಳಿಯೋ ನೀರಿನ ಪಸೆಯೋ ಸಿಕ್ಕಿಕೊಂಡರೆ ಎಣ್ಣೆಯಲ್ಲಿ ಹಬೆಯಾಗಿ ಹೊರಗೆ ದಾರಿ ಸಿಗದೆ ಉಂಡೆ ಪಟ್ಟೆಂದು ಸಿಡಿಯುತ್ತದೆ, ಜೊತೆಗೆ ಕಾದ ಎಣ್ಣೆಯೂ ಹಾರುತ್ತದೆ. ಅದಕ್ಕೇ ಅನುಭವಸ್ಥರು ಹಿಟ್ಟನ್ನು ಬಿಸಿ ಇರುವಾಗಲೇ ಚೆನ್ನಾಗಿ ನಾದುತ್ತಾರೆ, ಬಿರುಕಿಲ್ಲದಂತೆ ಉರುಟುತ್ತಾರೆ, ಒಂದು ಸಲಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ಬಿಡುವುದಿಲ್ಲ, ಪಕ್ಕದಲ್ಲಿ ಒಂದು ಮುಚ್ಚಳ ಹಿಡಿದುಕೊಂಡೇ ನಿಲ್ಲುತ್ತಾರೆ. ಈ ರಗಳೆಗೆ ಹೆದರಿ ಕೆಲವು ಘಟಕಗಳು ಗುಳಿಯೊವನ್ನು ಪಟ್ಟಿಯಿಂದಲೇ ತೆಗೆದಿವೆ. ಅದು ತಪ್ಪೆಂದು ಹೇಳಲಾರೆವು. ಆದರೆ ಗುಳಿಯೊ ಇರುವ ಪೆಟ್ಟಿಗೆಯಲ್ಲಿ ಉಳಿದ ಬಗೆಗಳೂ ಚೆನ್ನಾಗಿರುವುದೇ ಹೆಚ್ಚು, ಯಾಕೆಂದರೆ ಆ ಅಡುಗೆಮನೆಯಲ್ಲಿ ಹಳೆಯ ಕೈಯೊಂದು ಇನ್ನೂ ಇದೆ.

ಕೊಕ್ಕಿಸಾಂ ಎಂದರೆ ಕೇರಳದವರು ಅಚ್ಚಪ್ಪಂ ಎನ್ನುವ ಹೂವಿನ ಆಕಾರದ ತಿಂಡಿ. ಅಕ್ಕಿ ಹಿಟ್ಟು, ಸ್ವಲ್ಪ ಮೈದಾ, ಮೊಟ್ಟೆ, ಸಕ್ಕರೆ, ತೆಂಗಿನ ಹಾಲು, ಒಂದಿಷ್ಟು ಎಳ್ಳು. ಹಿಟ್ಟು ನೀರುದೋಸೆಯದಕ್ಕಿಂತ ಮಂದ, ಉದ್ದಿನ ದೋಸೆಯದಕ್ಕಿಂತ ತೆಳು. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ತಲೆಯನ್ನೂ ಮುಚ್ಚಿ ಬಿಟ್ಟುಕೊಡುವುದಿಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ, ಅತಿಯಾಗಿ ಕಾದಿದ್ದರೆ ಚುಂಯ್ ಎಂದು ಬೆಂದು ಹಿಟ್ಟಿನ ಪಾತ್ರೆಯಲ್ಲೇ ಬಿದ್ದುಹೋಗುತ್ತದೆ. ಹೊಸ ಅಚ್ಚನ್ನು ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡದಿದ್ದರೆ ಮೊದಲ ಇಪ್ಪತ್ತು ಹೂವು ಹಾಳು. ಗಿರಾಕಿ ನೋಡಬೇಕಾದದ್ದು ಬಣ್ಣ: ಹೊನ್ನಿನ ಬಣ್ಣಕ್ಕಿಂತ ಕಪ್ಪಾಗಿದ್ದರೆ ಸಕ್ಕರೆ ಹೆಚ್ಚಾಗಿ ಬೇಗ ಸೀದಿದೆ, ಬೆಳ್ಳಗಿದ್ದರೆ ಎಣ್ಣೆ ಕಾದಿರಲಿಲ್ಲ. ಟಿಶ್ಯೂ ಕಾಗದದ ಮೇಲೆ ಒಂದು ಹೂವಿಟ್ಟು ಐದು ನಿಮಿಷ ಬಿಡಿ. ದಳದ ಗುರುತು ಎಣ್ಣೆಯಾಗಿ ಪೂರ್ತಿ ಮೂಡಿದರೆ ಆ ಪೆಟ್ಟಿಗೆಯನ್ನು ಮೊದಲ ವಾರದಲ್ಲೇ ಮುಗಿಸಿ.

ನೆವ್ರಿಯೊ ನಮ್ಮ ಕರ್ಜಿಕಾಯಿಯ ತಂಗಿ. ಹುರಿದ ಎಳ್ಳು, ಸಕ್ಕರೆ, ಒಣ ಕೊಬ್ಬರಿ ಅಥವಾ ಹುರಿಗಡಲೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ. ಹೂರಣಕ್ಕೆ ಹಸಿ ತೆಂಗಿನತುರಿ ಹಾಕಿದ್ದಾರೋ ಎಂದು ಕೇಳಲೇಬೇಕು. ಹಸಿ ತುರಿಯದು ಮೊದಲ ಮೂರು ದಿನ ಎಲ್ಲಕ್ಕಿಂತ ರುಚಿ, ಆರನೇ ದಿನಕ್ಕೆ ಬೂಸಲು. ಒಣ ಹೂರಣದ್ದು ಮೂರು ವಾರ ನಿಲ್ಲುತ್ತದೆ. ಅಂಚನ್ನು ಹಲ್ಲುಚಕ್ರದಿಂದ ಕತ್ತರಿಸುವ ಮೊದಲು ನೀರೋ ಹಾಲೋ ಸವರಿ ಒತ್ತಿರದಿದ್ದರೆ ಕರಿಯುವಾಗ ಬಾಯಿ ಬಿಟ್ಟು ಎಳ್ಳು ಸಕ್ಕರೆಯೆಲ್ಲ ಎಣ್ಣೆಗೆ ಬೀಳುತ್ತದೆ. ಆ ಸಕ್ಕರೆ ಸೀದು ತಳದಲ್ಲಿ ಕಪ್ಪಾಗಿ, ಅದೇ ಬಾಣಲೆಯಲ್ಲಿ ಮುಂದೆ ಕರಿದ ತುಕ್ಡಿಗೂ ಕಹಿ ಹತ್ತುತ್ತದೆ. ತಿಳಿದ ಘಟಕ ನೆವ್ರಿಯೊವನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತದೆ. ಮೊದಲು ಚಕ್ಕುಲಿ, ತುಕ್ಡಿ, ಆಮೇಲೆ ಕಿಡಿಯೊ, ಕಡೆಗೆ ನೆವ್ರಿಯೊ.

ತುಕ್ಡಿ, ಚಕ್ಕುಲಿ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಯಾರು ಮಾಡಿದರೂ ತಕ್ಕಮಟ್ಟಿಗೆ ಆಗುತ್ತದೆ, ಪೆಟ್ಟಿಗೆ ತುಂಬಿಸಲು ಸುಲಭ. ಚಕ್ಕುಲಿಯೇ ಕಾಲು ಭಾಗ ಇದ್ದರೆ ಕಿಡಿಯೊ ಸುತ್ತಲು ಜನ ಸಾಲದಾಗಿದ್ದರು ಎಂದು ಅರ್ಥ. ಅಕ್ಕಿ ಲಾಡಿಗೆ ಕೆಂಪು ಕುಚ್ಚಲಕ್ಕಿಯನ್ನು ಅರಳುವಂತೆ ಹುರಿದು ಪುಡಿ ಮಾಡಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಮರಳಿನಲ್ಲಿ ಹುರಿದು ಸರಿಯಾಗಿ ಜರಡಿ ಹಿಡಿಯದಿದ್ದರೆ ಮೊದಲ ತುತ್ತಿನಲ್ಲೇ ಕರಕರ ಎನ್ನುತ್ತದೆ. ಬೆಲ್ಲದ ಪಾಕ ಏರಿದ್ದರೆ ಕಲ್ಲು. ಹಲ್ಲಿಲ್ಲದ ಅಜ್ಜಿಗೆಂದು ಕೊಂಡದ್ದಾದರೆ ಬಿಸಿ ಚಹಾದಲ್ಲಿ ಅದ್ದಿ ಕೊಡುವುದೊಂದೇ ದಾರಿ.

ಕೇಕಿನ ಮಾತು ಬೇರೆ. ಘಟಕಗಳು ಹೆಚ್ಚಾಗಿ ಎಡವುವುದು ಇಲ್ಲಿ. ಒಣಹಣ್ಣನ್ನು ರಮ್ಮಿನಲ್ಲಿ ತಿಂಗಳ ಮುಂಚೆ ನೆನೆಹಾಕಿದ ಕೇಕ್ ವಾರಗಟ್ಟಲೆ ಹಾಳಾಗುವುದಿಲ್ಲ. ಎರಡು ದಿನ ಮುಂಚೆ ಕಿತ್ತಳೆ ರಸದಲ್ಲಿ ನೆನೆಸಿದ್ದು ಒಂದು ವಾರ ನಿಂತರೆ ಹೆಚ್ಚು. ಹಣ್ಣಿನ ಮೇಲೆ ಒಣ ಮೈದಾ ಉದುರಿಸಿ ಬೆರೆಸದಿದ್ದರೆ ಅಥವಾ ಹಿಟ್ಟು ತೆಳುವಾಗಿದ್ದರೆ ಹಣ್ಣೆಲ್ಲ ತಳಕ್ಕೆ ಇಳಿದು ಮೇಲೆ ಬರೀ ಬ್ರೆಡ್ಡು. ಕಪ್ಪು ಬಣ್ಣ ಸುಟ್ಟ ಸಕ್ಕರೆಯಿಂದ ಬರಬೇಕು. ಹೆಚ್ಚು ಸುಟ್ಟರೆ ನಾಲಿಗೆಯ ಹಿಂಭಾಗದಲ್ಲಿ ಕಹಿ ಉಳಿಯುತ್ತದೆ. ಎಷ್ಟೋ ಘಟಕಗಳು ಕೇಕನ್ನು ಬೇಕರಿಯಿಂದ ತರಿಸಿ ಪೆಟ್ಟಿಗೆಗೆ ಹಾಕುತ್ತವೆ. ಹಾಗೆ ಮಾಡಿದರೆ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ನಮ್ಮ ಸಲಹೆಯಂತೂ ಕೇಕಿಲ್ಲದ ಪೆಟ್ಟಿಗೆ ಸಿಗುತ್ತದೋ ಕೇಳಿ ಎಂದು.

ಅದಕ್ಕೆ ಇನ್ನೊಂದು ಕಾರಣ ತೂಕ. ಒಂದು ಕಿಲೊ ಪೆಟ್ಟಿಗೆಯಲ್ಲಿ 400 ಗ್ರಾಂ ಕೇಕು, 150 ಗ್ರಾಂ ಚಕ್ಕುಲಿ ಹೋದರೆ ಉಳಿದ ಆರು ಬಗೆಗೆ 450 ಗ್ರಾಂ, ಅಂದರೆ ಬಗೆಗೆ ಮುಕ್ಕಾಲು ಹಿಡಿ. ಕೊಕ್ಕಿಸಾಂ ಹಗುರ, ಜಾಗ ತುಂಬುತ್ತದೆಯೇ ಹೊರತು ತೂಕ ತುಂಬುವುದಿಲ್ಲ. ಮೇಲ್ಪದರದಲ್ಲಿ ಐದಾರು ಹೂವಿಟ್ಟರೆ ಪೆಟ್ಟಿಗೆ ತುಂಬಿ ತುಳುಕಿದಂತೆ ಕಾಣುತ್ತದೆ. ಯಾವ ಬಗೆ ಎಷ್ಟು ಗ್ರಾಂ ಎಂದು ಚೀಟಿ ಬರೆದು ಒಳಗಿಡುವ ಘಟಕವನ್ನು ನಂಬಬಹುದು. ರಟ್ಟಿನ ಪೆಟ್ಟಿಗೆಯನ್ನೂ ಸೇರಿಸಿ ಒಂದು ಕಿಲೊ ತೂಗುವುದು ನಿಯಮಕ್ಕೆ ಸಲ್ಲದ್ದು. ನಿವ್ವಳ ತೂಕ ಎಂದರೆ ತಿಂಡಿಯ ತೂಕ.

ಇನ್ನು ಎಣ್ಣೆ. ತೆಂಗಿನೆಣ್ಣೆಯಲ್ಲಿ ಕರಿದದ್ದಕ್ಕೆ ಪರಿಮಳ ಹೆಚ್ಚು, ಬೆಲೆಯೂ ಹೆಚ್ಚು. ಬೇರೆ ಎಣ್ಣೆಯಲ್ಲಿ ಕರಿದರೆ ತಪ್ಪೇನಿಲ್ಲ. ತಪ್ಪಾಗುವುದು ಶನಿವಾರ ಕರಿದ ಎಣ್ಣೆಗೆ ಮುಂದಿನ ಶನಿವಾರ ಹೊಸ ಎಣ್ಣೆ ಸೇರಿಸಿ ಮತ್ತೆ ಕರಿದಾಗ. ಮೊಟ್ಟೆ, ತೆಂಗಿನ ಹಾಲು ಇರುವ ಹಿಟ್ಟು ಎಣ್ಣೆಗೆ ನೀರು, ಪುಡಿ ಎಲ್ಲ ಬಿಡುತ್ತದೆ. ಹಳೆ ಎಣ್ಣೆ ಬೇಗ ನೊರೆ ಏಳುತ್ತದೆ, ತಿಂಡಿ ಹತ್ತು ದಿನಕ್ಕೆ ಕಮಟು ಹೊಡೆಯುತ್ತದೆ. ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಮೂಗಿಗೆ ಮೊದಲು ಬರಬೇಕಾದದ್ದು ಏಲಕ್ಕಿ, ತುಪ್ಪ. ಹಳೆ ಬಣ್ಣದ ಡಬ್ಬಿಯ ವಾಸನೆ ಬಂದರೆ ತಿನ್ನುವ ಮೊದಲೇ ವಾಪಸ್ ಒಯ್ಯಿರಿ, ಸಂಕೋಚ ಬೇಡ.

ಕರಿದದ್ದನ್ನು ಪೂರ್ತಿ ತಣಿಸದೆ ತುಂಬಿಸುವುದು ಎರಡನೇ ದೊಡ್ಡ ತಪ್ಪು. ಬಿಸಿಯ ಹಬೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಯಾಗಿ ಮತ್ತೆ ತಿಂಡಿಯ ಮೇಲೇ ಬೀಳುತ್ತದೆ. ಹಿಂದಿನ ರಾತ್ರಿ ಕರಿದದ್ದನ್ನು ಬೆಳಿಗ್ಗೆ ತುಂಬಿಸಬೇಕು. ಹರಡುವುದು ಬಟ್ಟೆಯ ಮೇಲೋ ಸ್ಟೀಲ್ ಜಾಲರಿಯ ಮೇಲೋ ಇರಲಿ. ಹಳೆ ಪತ್ರಿಕೆಯ ಶಾಯಿ ಎಣ್ಣೆಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಸಕ್ಕರೆ ಹೊದ್ದ ಕಿಡಿಯೊ, ಗುಳಿಯೊವನ್ನು ಚಕ್ಕುಲಿಯ ಜೊತೆ ಒಂದೇ ಪೊಟ್ಟಣಕ್ಕೆ ಹಾಕಬಾರದು. ಸಕ್ಕರೆಯ ಪಸೆಗೆ ಚಕ್ಕುಲಿ ಮೆತ್ತಗಾಗುತ್ತದೆ, ಚಕ್ಕುಲಿಯ ಇಂಗು ಓಮ ಕಿಡಿಯೊಗೆ ಹತ್ತುತ್ತದೆ. ಬಗೆಗೊಂದು ಪೊಟ್ಟಣ, ಎಲ್ಲ ಸೇರಿ ಒಂದು ಪೆಟ್ಟಿಗೆ. ಹೆಚ್ಚಿನ ಖರ್ಚಿಲ್ಲ, ಆದರೂ ಅರ್ಧಕ್ಕರ್ಧ ಪೆಟ್ಟಿಗೆಗಳಲ್ಲಿ ಇದು ಕಾಣುವುದಿಲ್ಲ.

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಕರಿದ ತಾರೀಕು, ಯಾವಾಗಿನೊಳಗೆ ತಿನ್ನಬೇಕು, ಏನೇನು ಹಾಕಿದೆ ಎಂಬುದು ಇರಬೇಕು. ಚಿಕ್ಕ ವಹಿವಾಟಿನವರಿಗೆ ಆಹಾರ ಇಲಾಖೆಯ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. 14 ಅಂಕಿಯ ಆ ಸಂಖ್ಯೆ ಚೀಟಿಯ ಮೇಲಿದ್ದರೆ ಘಟಕ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿದೆ ಎಂದು ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ಮೊಟ್ಟೆಯ ವಿಷಯ. ಕುಸ್ವಾರ್ ಇರುವುದೇ ನೆರೆಕರೆಗೆ ಹಂಚಲು, ನೆರೆಕರೆಯಲ್ಲಿ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ಕೊಕ್ಕಿಸಾಂ, ಕೇಕಿಗೆ ಮೊಟ್ಟೆ ಸಾಮಾನ್ಯ, ಕಿಡಿಯೊ, ತುಕ್ಡಿಗೂ ಹಾಕುವವರಿದ್ದಾರೆ. ನಮ್ಮ ಆಹಾರ ನಿಯಮದ ಪ್ರಕಾರ ಮೊಟ್ಟೆ ಇದ್ದದ್ದು ಮಾಂಸಾಹಾರದ ಗುರುತಿಗೆ, ಅಂದರೆ ಚೌಕದೊಳಗಿನ ಕಂದು ತ್ರಿಕೋನಕ್ಕೆ ಸೇರುತ್ತದೆ. ಮೊಟ್ಟೆಯಿಲ್ಲದ ಪೆಟ್ಟಿಗೆಯನ್ನು ಬೇರೆ ಬಾಣಲೆಯಲ್ಲಿ ಕರಿದು, ಹಸಿರು ಗುರುತು ಹಾಕಿ, ಬೇರೆ ಬಣ್ಣದ ರಿಬ್ಬನ್ ಕಟ್ಟಿ ಕೊಡುವ ಘಟಕಗಳಿವೆ. ಪಕ್ಕದ ಮನೆಯ ಭಟ್ಟರಿಗೋ ಶೆಣೈ ಮಾಮ್‌ಗೋ ಕೊಡುವವರು ಇದನ್ನು ಕೇಳಿಯೇ ಬರೆಸಿ.

ಗಲ್ಫಿಗೆ ಕಳಿಸುವವರಿಗೆ ಎರಡು ಎಚ್ಚರಿಕೆ. ನೆವ್ರಿಯೊ ಹೂರಣಕ್ಕೆ ಕೆಲವರು ಗಸಗಸೆ ಹಾಕುತ್ತಾರೆ. ಯುಎಇ, ಸೌದಿಯಲ್ಲಿ ಗಸಗಸೆ ನಿಷೇಧಿತ ವಸ್ತು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಮಾತು ಪೊಲೀಸರವರೆಗೆ ಹೋಗಬಹುದು. ರಮ್ ಹಾಕಿದ ಕೇಕನ್ನು ಸೌದಿ, ಕುವೈತಿಗೆ ಕಳಿಸಲೇಬೇಡಿ. ಮುಂಬಯಿ, ಬೆಂಗಳೂರಿಗೆ ಬಸ್ಸಿನಲ್ಲಿ ಹಾಕುವುದಾದರೆ ಕೊಕ್ಕಿಸಾಂ ಬಿಟ್ಟು ಉಳಿದದ್ದು ಕಳಿಸಿ. ಕಳಿಸಲೇಬೇಕೆಂದರೆ ಸ್ಟೀಲ್ ಡಬ್ಬಿಯಲ್ಲಿ ಹೂವುಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸಿ, ಸುತ್ತಲೂ ತುಕ್ಡಿ ತುಂಬಿಸಿ. ತುಕ್ಡಿಯೇ ದಿಂಬು.

ಈಗ ಘಟಕದ ವ್ಯವಸ್ಥೆಯ ವಿಷಯಕ್ಕೆ ಬರೋಣ, ಒಳ್ಳೆಯ ಪೆಟ್ಟಿಗೆಯ ಗುಟ್ಟು ಅಲ್ಲೇ ಇರುವುದು. 120 ಪೆಟ್ಟಿಗೆಗೆ ಆರ್ಡರ್ ಬಂದಿದೆ, ಪ್ರತಿಯೊಂದಕ್ಕೂ 100 ಗ್ರಾಂ ಕಿಡಿಯೊ ಎಂದುಕೊಳ್ಳಿ. ಒಟ್ಟು 12 ಕಿಲೊ. ಅರ್ಧ ಕಿಲೊ ಮೈದಾ ಸಕ್ಕರೆ ಹೊದ್ದು ಮುಗಿದಾಗ ಸುಮಾರು 900 ಗ್ರಾಂ ಆಗುತ್ತದೆ, ಹಾಗಾಗಿ ಹೆಚ್ಚುಕಡಿಮೆ ಏಳು ಕಿಲೊ ಮೈದಾ ಬೇಕು. ಅರ್ಧ ಕಿಲೊ ಸುತ್ತಲು ಒಬ್ಬರಿಗೆ ಎರಡು ಗಂಟೆ ಹಿಡಿದರೆ ಒಟ್ಟು 28 ಗಂಟೆಯ ಬೆರಳಿನ ಕೆಲಸ. ಹತ್ತು ಮಂದಿ ಕೂತರೆ ಮೂರು ಗಂಟೆ, ಕೊಂತ (ಜಪಮಾಲೆಯ ಪ್ರಾರ್ಥನೆ) ಹೇಳಿಕೊಂಡು, ಹರಟೆ ಹೊಡೆದುಕೊಂಡು ಮುಗಿಯುತ್ತದೆ. ನಾಲ್ವರೇ ಬಂದರೆ ಏಳು ಗಂಟೆ. ಐದನೇ ಗಂಟೆಯಿಂದ ಕಿಡಿಯೊ ದಪ್ಪವಾಗಲು ಶುರು. ಮೊದಲು ಹೇಳಿದ ಆ ಬಿಳಿ ಗೆರೆ ಬರುವುದು ಹೀಗೆ.

ಸರದಿ ಹಾಕುವ ಬುದ್ಧಿ ಇವತ್ತಿನದಲ್ಲ. 1617ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನ ಪಾದ್ರಿಯಾಗಿದ್ದ ವಿನ್ಸೆಂಟ್ ಡಿ ಪೌಲ್, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದಿದ್ದಾರೆಂದು ಪ್ರವಚನದಲ್ಲಿ ಹೇಳಿದರು. ಮಧ್ಯಾಹ್ನ ಆ ದಾರಿಯಲ್ಲಿ ಹೋದರೆ ಹೆಂಗಸರು ಸಾಲುಸಾಲಾಗಿ ಊಟ ಹೊತ್ತು ಹೋಗಿ ಬರುತ್ತಿದ್ದರು. ಒಂದೇ ದಿನ ಇಷ್ಟೆಲ್ಲ ಬಂದರೆ ಹಳಸಿ ಹೋಗುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಉಪವಾಸವೇ ಎಂಬುದು ಅವರಿಗೆ ಹೊಳೆಯಿತು. ಮೂರು ದಿನ ಬಿಟ್ಟು ಕೆಲವು ಹೆಂಗಸರನ್ನು ಕೂರಿಸಿ ದಿನಕ್ಕೊಬ್ಬರು ಅಡುಗೆ ಮಾಡುವ ಸರದಿ ಹಾಕಿದರು. ರೋಗಿಗೆ ಎಷ್ಟು ರೊಟ್ಟಿ, ಎಷ್ಟು ಮಾಂಸ ಎಂಬುದನ್ನೂ, ಹಣದ ಲೆಕ್ಕ ಇಡುವುದು ಹೇಗೆಂಬುದನ್ನೂ ಆಮೇಲೆ ನಿಯಮವಾಗಿ ಬರೆದಿಟ್ಟರು. ಅದರಿಂದ ಬೆಳೆದ ಮಹಿಳೆಯರ ಸೇವಾ ಸಂಘ ಇಂದಿಗೂ ಹಲವು ದೇಶಗಳಲ್ಲಿ ನಡೆಯುತ್ತಿದೆ. ನಮ್ಮ ಕಡೆಯ ಘಟಕಗಳಲ್ಲಿ ಗೋಡೆಗೆ ಅಂಟಿಸಿದ ಸರದಿ ಪಟ್ಟಿ ಕಂಡರೆ ಪೆಟ್ಟಿಗೆ ಬರೆಸಲು ಅಡ್ಡಿಯಿಲ್ಲ: ಯಾವ ವಾರ್ಡಿನವರು ಯಾವ ಸಂಜೆ, ಯಾರು ಸುತ್ತುವುದು, ಯಾರು ಕರಿಯುವುದು. ಪಟ್ಟಿಯಿಲ್ಲದ ಕಡೆ ಅಧ್ಯಕ್ಷೆ, ಕಾರ್ಯದರ್ಶಿ, ಇನ್ನಿಬ್ಬರು ಸೇರಿ ನವೆಂಬರ್ ಕೊನೆಯಲ್ಲೇ ಕರಿದು ಗುಡ್ಡೆ ಹಾಕಿರುತ್ತಾರೆ. ಕ್ರಿಸ್ಮಸ್ಸಿಗೆ ಅದು ಒಂದು ತಿಂಗಳ ತಿಂಡಿ.

ಬೆಲೆಯ ಬಗ್ಗೆ ಗೊಣಗುವವರಿಗೆ ಒಂದು ಮಾತು. ಬೇಕರಿಗಿಂತ ಘಟಕದ ಪೆಟ್ಟಿಗೆ ಅಗ್ಗವಾಗಿದ್ದರೆ ಅದಕ್ಕೆ ಕಾರಣ ಮೇಲಿನ 28 ಗಂಟೆಗೆ ಯಾರಿಗೂ ಕೂಲಿ ಕೊಟ್ಟಿಲ್ಲ ಎಂಬುದು. ಚೌಕಾಸಿ ಮಾಡಿ ಐವತ್ತು ರೂಪಾಯಿ ಇಳಿಸಿದರೆ ಆ ಐವತ್ತು ಯಾವುದೋ ಹುಡುಗಿಯ ಫೀಸಿನಿಂದ ಬಂತು. ನಮಗೆ ಕಾಣುವ ತಪ್ಪು ಇದರ ಉಲ್ಟಾ: ಘಟಕಗಳೇ ಬೆಲೆ ಕಡಿಮೆ ಇಡುತ್ತವೆ. ಮೈದಾ, ಸಕ್ಕರೆ, ಎಣ್ಣೆ, ತೆಂಗಿನಕಾಯಿಯ ಲೆಕ್ಕ ಹಾಕಿ, ಗ್ಯಾಸ್ ಸಿಲಿಂಡರು, ಪೆಟ್ಟಿಗೆ, ಪ್ಲಾಸ್ಟಿಕ್, ಒಡೆದುಹೋದ ಮಾಲು ಇವನ್ನು ಮರೆಯುತ್ತಾರೆ. ಕರಿದ ತಿಂಡಿಯಲ್ಲಿ ಹತ್ತಕ್ಕೆ ಒಂದಾದರೂ ಒಡೆಯುತ್ತದೆ, ಅದನ್ನು ಮೊದಲೇ ಬೆಲೆಗೆ ಸೇರಿಸಬೇಕು. ಇಲ್ಲದಿದ್ದರೆ ಮೂರು ವಾರ ದುಡಿದು ಕೊನೆಗೆ ಕೈಗೆ ಬರುವುದು ಬಿಡಿಗಾಸು.

ಲೆಕ್ಕ ಕೇಳುವುದು ಅಪಮಾನವಲ್ಲ. ಒಳ್ಳೆಯ ಘಟಕ ಜನವರಿಯಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಹಚ್ಚುತ್ತದೆ: ಎಷ್ಟು ಪೆಟ್ಟಿಗೆ ಹೋಯಿತು, ಸಾಮಾನಿಗೆಷ್ಟು, ಉಳಿದದ್ದೆಷ್ಟು, ಎಷ್ಟು ಮಕ್ಕಳ ಫೀಸಿಗೆ, ಎಷ್ಟು ಮಂದಿಯ ಔಷಧಿಗೆ. ಪಡೆದವರ ಹೆಸರು ಹಾಕಬಾರದು. ಹೆಸರು ಹಚ್ಚಿ ಮಾನ ಕಳೆಯುವುದು ಸೇವೆಯಲ್ಲ. ‘ಬಡವರ ಸಹಾಯಕ್ಕೆ’ ಎಂಬ ಒಂದೇ ಸಾಲಿನ ಲೆಕ್ಕ ಲೆಕ್ಕವಲ್ಲ. ಇನ್ನೊಂದು ಗೊಂದಲವೂ ಇದೆ. ಪೆಟ್ಟಿಗೆಗೆ ಕೊಟ್ಟ ದುಡ್ಡಿಗೆ ಆದಾಯ ತೆರಿಗೆಯ ದಾನದ ರಿಯಾಯಿತಿ ಸಿಗುವುದಿಲ್ಲ, ಅದು ಖರೀದಿ. ದಾನ ಕೊಡುವ ಮನಸ್ಸಿದ್ದರೆ ಬೇರೆಯಾಗಿ ಕೊಟ್ಟು ಬೇರೆ ರಶೀದಿ ತೆಗೆದುಕೊಳ್ಳಿ, ಆ ರಿಯಾಯಿತಿಯ ಮಾನ್ಯತೆ ಇರುವ ಟ್ರಸ್ಟಿನ ಮೂಲಕವೋ ಎಂದು ಕೇಳಿ. ಎರಡನ್ನೂ ಒಂದೇ ರಶೀದಿಯಲ್ಲಿ ಬೆರೆಸಿದರೆ ಘಟಕದ ಪುಸ್ತಕವೂ ಕೆಡುತ್ತದೆ, ನಿಮ್ಮದೂ ಕೆಡುತ್ತದೆ.

ಸಿಎಸ್‌ಐ (ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆ) ಚರ್ಚುಗಳ ಮಹಿಳಾ ಕೂಟಗಳಲ್ಲೂ ಮಾರಾಟ ಇರುತ್ತದೆ, ಆದರೆ ಅಲ್ಲಿ ಜನ ಸೇರುವುದು ಬೆಳೆ ಹಬ್ಬದ ಏಲಂಗೆ. ಅಲ್ಲಿ ಒಂದು ಬಾಳೆಗೊನೆಗೆ ಪೈಪೋಟಿಯ ಮೇಲೆ ಹತ್ತು ಪಟ್ಟು ಬೆಲೆ ಏರಿದರೂ ಯಾರೂ ಬೇಸರಿಸುವುದಿಲ್ಲ, ಯಾಕೆಂದರೆ ಅದು ದಾನವೆಂದು ಎಲ್ಲರಿಗೂ ಗೊತ್ತು. ಕುಸ್ವಾರಿನ ಮೇಜಿನಲ್ಲಿ ಆ ಸ್ಪಷ್ಟತೆ ಇಲ್ಲ.

ಬರೆಸುವ ಕ್ರಮ ಸುಲಭ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಮೇಜು ಬೀಳುವುದು ಹೆಚ್ಚಾಗಿ ಅವತ್ತೇ. ಎರಡನೇ ಭಾನುವಾರದೊಳಗೆ ಬರೆಸಿ, ಅರ್ಧ ಮುಂಗಡ ಕೊಡಿ. ರಶೀದಿಯಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಮೊಟ್ಟೆ ಇದೆಯೋ ಇಲ್ಲವೋ, ನಿವ್ವಳ ತೂಕ, ಒಯ್ಯುವ ತಾರೀಕು. ಡಿಸೆಂಬರ್ 15ಕ್ಕಿಂತ ಮುಂಚೆ ಕರಿದದ್ದು ಬೇಡ ಎಂದು ಬಾಯಿಬಿಟ್ಟು ಹೇಳಿ. ಪರವೂರಿಗೆ ಕಳಿಸುವವರು ಬೇಗ ಬೇಕೆಂದು ಒತ್ತಾಯಿಸುವುದರಿಂದಲೇ ಘಟಕದವರು ಮುಂಚಿತವಾಗಿ ಕರಿಯುವುದು. ಅವರಿಗೆ ಬೇರೆ ಸರದಿ, ಊರವರಿಗೆ ಬೇರೆ ಸರದಿ ಇದ್ದರೆ ಎಲ್ಲರಿಗೂ ಅನುಕೂಲ. ಮನೆಗೆ ತಂದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲೇ ಬಿಡಬೇಡಿ. ಬಗೆಗೊಂದು ಡಬ್ಬಿಗೆ ಹಾಕಿ, ತಳಕ್ಕೆ ಟಿಶ್ಯೂ ಹಾಸಿ. ಫ್ರಿಜ್ಜಿಗೆ ಇಡುವುದು ಹಸಿ ತುರಿಯ ನೆವ್ರಿಯೊ ಒಂದನ್ನೇ. ತಿನ್ನುವ ಕ್ರಮ ಹೀಗಿರಲಿ: ಮೊದಲು ನೆವ್ರಿಯೊ, ಲಾಡು, ಆಮೇಲೆ ಕೊಕ್ಕಿಸಾಂ, ಗುಳಿಯೊ, ಕೊನೆಗೆ ಕಿಡಿಯೊ, ತುಕ್ಡಿ. ಮೆತ್ತಗಾದ ತುಕ್ಡಿ, ಚಕ್ಕುಲಿಯನ್ನು ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ತಣಿಸಿದರೆ ಗರಿ ವಾಪಸ್ ಬರುತ್ತದೆ. ಕಿಡಿಯೊಗೆ ಈ ಉಪಾಯ ನಡೆಯದು, ಸಕ್ಕರೆ ಕರಗುತ್ತದೆ.

ಕೊನೆಗೆ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸರಕು. ಪೆಟ್ಟಿಗೆ ತುಂಬಿಸಿ ಉಳಿದ ಒಡಕುಗಳನ್ನು, ಅಂದರೆ ದಳ ಮುರಿದ ಕೊಕ್ಕಿಸಾಂ, ಬಾಯಿ ಬಿಟ್ಟ ನೆವ್ರಿಯೊ, ಬಿಚ್ಚಿಕೊಂಡ ಕಿಡಿಯೊ ಇವನ್ನು ಕೆಲವು ಘಟಕಗಳು ಅರ್ಧ ಕಿಲೊ ಪೊಟ್ಟಣ ಮಾಡಿ ಕ್ರಿಸ್ಮಸ್ ಹಿಂದಿನ ಭಾನುವಾರ ಕಡಿಮೆ ಬೆಲೆಗೆ ಮಾರುತ್ತವೆ. ಮೇಜಿನ ಮೇಲೆ ಇಡುವುದಿಲ್ಲ, ಕೇಳಿದವರಿಗೆ ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಿಂದ ತೆಗೆದುಕೊಡುತ್ತಾರೆ. ಮನೆಯೊಳಗೆ ತಿನ್ನಲು ಅದೇ ಸಾಕು. ಎರಡನೇ ಪೂಜೆ ಮುಗಿಯುವಷ್ಟರಲ್ಲಿ ಖಾಲಿಯಾಗಿರುತ್ತದೆ, ಮೊದಲ ಪೂಜೆಗೇ ಹೋಗಿ.